ಒಂದನೇ ಹಗ್ಗ

ಗ್ಲೆನ್‌ಕರ್ನಿ,
ನವೆಂಬರ್ 8, ಶನಿವಾರ

ಪ್ರೀತಿಯ ಲಾಕೀ,

ಹೇಗಿದ್ದೀಯಪ್ಪಾ? ಸೊಂಟದ ನೋವು ಇಳಿಯಿತೇ? ಶೆಟ್ಲೆಂಡ್ ದ್ವೀಪದ ಆ ಗಾಳಿಯಲ್ಲಿ ದಿನವೂ ಮೀನಿನ ದೋಣಿ ಹತ್ತಿ ಇಳಿಯುವವನಿಗೆ ಸೊಂಟ ಉಳಿದಿರುವುದೇ ಹೆಚ್ಚು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಒಲೆಗೆ ಹಾಕುವ ಮುಂಚೆ ಒಮ್ಮೆ ಓದುತ್ತೀಯ ಎಂದುಕೊಂಡು ಕುಳಿತಿದ್ದೇನೆ. ನನ್ನ ಕ್ಷೇಮ ಕೇಳಬೇಡ. ಶುಕ್ರವಾರದವರೆಗೆ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ಶನಿವಾರ ಬೆಳಗಾದರೆ ಎರಡು ಬಸ್ಸು ಬದಲಿಸಿ ಇಲ್ಲಿಗೆ. ದಣಿದಿದ್ದೇನೆ ಕಣೋ.

ಊರಿನಲ್ಲಿ ಬ್ಯಾಂಕು ಮುಚ್ಚಿತು. ಮಾಂಸದಂಗಡಿಯಲ್ಲಿ ಈಗ ಪ್ರವಾಸಿಗರಿಗೆ ಪರಿಮಳದ ಮೇಣದಬತ್ತಿ ಮಾರುತ್ತಾರೆ. ಬೇಕರಿಯ ನೆಟ್ಟಿಯ ನಾಲಿಗೆ ಮಾತ್ರ ಇದ್ದಂತೆಯೇ ಇದೆ. ಅಪ್ಪನಿಗೆ ಮಟನ್ ಪೈ ಕಟ್ಟಿಕೊಡುತ್ತಾ, “ನಿನ್ನ ತಮ್ಮ ಮೀನು ಹಿಡೀತಿದ್ದಾನೋ, ಮೀನೇ ಅವನನ್ನ ಹಿಡ್ಕೊಂಡ್ವೋ?” ಎಂದಳು. ನಾನು ನಕ್ಕೆ. ಪೈ ತಂದರೆ ಅಪ್ಪ ಅಂಚಿನ ಬೆಂದ ಹಿಟ್ಟನ್ನು ಚೂರು ಮುರಿದು ಬಾಯಲ್ಲಿಟ್ಟುಕೊಳ್ಳುತ್ತಾನೆ, ಅಷ್ಟೇ. ಕ್ರಿಸ್‌ಮಸ್‌ವರೆಗೆ ಬದುಕುವುದು ಕಷ್ಟ ಎಂದು ಡಾಕ್ಟರಮ್ಮ ಅವನೆದುರಿಗೇ ಹೇಳಿಬಿಟ್ಟರು. “ಆ ಖರ್ಚಾದ್ರೂ ಉಳೀತು” ಎಂದನಂತೆ.

ಇವತ್ತು ನಾನು ಬಂದಾಗ ಹಿಸ್ಲಪ್ ಚಹಾ ಕುಡಿಯುತ್ತಾ ಕುಳಿತಿದ್ದ. ಗೊತ್ತಲ್ಲ, ಊರಿನ ಹೆಣಗಳನ್ನೆಲ್ಲ ಮಣ್ಣು ಮಾಡಿಸುವವನು. ಅಪ್ಪನೇ ಹೇಳಿಕಳಿಸಿದ್ದಾನೆ, ತನ್ನ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಎಂಟು ಹಗ್ಗ ಯಾರ್‍ಯಾರ ಕೈಗೆ ಎಂದು ಹಂಚುವುದಕ್ಕೆ. “ಸತ್ಮೇಲೆ ನೀವೆಲ್ಲ ಎಡವಟ್ಟು ಮಾಡ್ತೀರಿ, ಈಗ್ಲೇ ಕೇಳಿಸ್ಕೊಳ್ಳಿ” ಎಂದ. ಬೇಲಿಯ ಜಗಳದಲ್ಲಿ ಮಾತು ಬಿಟ್ಟ ಪಕ್ಕದ ಮನೆಯ ಡೂಗಲ್‌ಗೂ ಒಂದು ಹಗ್ಗ. “ನನ್ನನ್ನ ಹೂಳೋ ಆಸೆ ಅವನಿಗೆ ಬಹಳ ದಿನದ್ದು, ತೀರಿಸ್ಕೊಳ್ಲಿ ಪಾಪ.” ಸತ್ತವರಿಗೆ ತೀರ ಹತ್ತಿರದವರು ಹಿಡಿಯುವ, ತಲೆಯ ಕಡೆಯ ಒಂದನೇ ಹಗ್ಗ ಮಾತ್ರ ನಿನಗೆ. ನೀನು ಬರುವುದು ಅನುಮಾನ ಎಂದು ಹಿಸ್ಲಪ್ ಮೆಲ್ಲಗೆ ಮಾತು ತೆಗೆದ. ಏಳೇ ಜನ ಹಿಡಿದರೆ ಪೆಟ್ಟಿಗೆ ವಾಲುತ್ತದೆ ಎಂದೂ ಹೇಳಿದ. “ವಾಲಿದ್ರೆ ವಾಲ್ಲಿ. ಬದುಕಿದ್ದಾಗ ನಾನೇನು ನೆಟ್ಟಗಿದ್ನಾ?” ಎಂದ ಅಪ್ಪ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ: “ಹಡಗು ತಡ ಆದ್ರೆ ಕಾಯ್ಬೇಕು. ಹಿಮ ಬೀಳ್ಲಿ, ಪಾದ್ರಿ ಗೊಣಗ್ಲಿ, ಅವನು ಬರೋವರೆಗೂ ಹಗ್ಗ ಬಿಚ್ಚಕೂಡದು.”

ಲಾಕೀ, ಅಮ್ಮನ ಮಣ್ಣಿನ ದಿನ ನಾನು ಮರೆತಿಲ್ಲ. ಬಿರುಗಾಳಿಗೆ ನಿನ್ನ ಹಡಗು ತಡವಾಯಿತು. ಅರ್ಧ ಗಂಟೆ ಕಾಯೋಣ ಎಂದು ನಾನು ಅಂಗಲಾಚಿದರೂ ಅಪ್ಪ ಕೇಳದೆ ನಿನ್ನ ಹಗ್ಗವನ್ನು ಯಾರ ಕೈಗೋ ಕೊಟ್ಟ. ನೀನು ಚೀಲ ಹೊತ್ತು ಓಡಿಬಂದಾಗ ಗುಂಡಿ ಅರ್ಧ ತುಂಬಿತ್ತು. ಗೇಟಿನಿಂದಲೇ ತಿರುಗಿ ಹೋದವನು ಮತ್ತೆ ಈ ಊರು ಮೆಟ್ಟಲಿಲ್ಲ. ನಿನ್ನದು ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ‘ಕಾಯ್ಬೇಕು’ ಎಂದು ಅಪ್ಪನ ಬಾಯಲ್ಲಿ ಬಂತಲ್ಲ, ಅವನು ಕ್ಷಮೆ ಕೇಳುವುದೆಂದರೆ ಅಷ್ಟೇ. ಅದಕ್ಕಿಂತ ಹೆಚ್ಚು ಆ ಮನುಷ್ಯನಿಂದ ಹುಟ್ಟುವುದಿಲ್ಲ.

ಇನ್ನು ನನ್ನ ಸಂಗತಿ. ಎಂಟೂ ಹಗ್ಗ ಹಂಚಿ ಮುಗಿದಾಗ, ನನಗೆ ಯಾವುದಪ್ಪಾ ಎಂದೆ. “ನೀನು ಹೋಟೆಲಲ್ಲಿ ಮಣ್ಣಿಗೆ ಬಂದವರ ಚಹಾ, ಸ್ಯಾಂಡ್‌ವಿಚ್ ನೋಡ್ಕೋ” ಎಂದ. ಈಗೆಲ್ಲ ಹೆಣ್ಣುಮಕ್ಕಳೂ ಹಿಡಿಯುತ್ತಾರೆ ಎಂದು ಹಿಸ್ಲಪ್ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ವಾರ ವಾರ ಬಂದು ಅವನ ಉಗುರು ಕತ್ತರಿಸುವವಳು, ಹಾಸಿಗೆ ಬದಲಿಸುವವಳು ನಾನು. ನನಗೆ ಚಹಾ. ನೋವಾಯಿತು, ಸುಳ್ಳೇಕೆ ಹೇಳಲಿ.

ಕೊನೆಯ ಬಸ್ಸಿಗೆ ಹೊತ್ತಾಯಿತು. ಬಿಸಿಬಿಸಿ ಊಟ ಮಾಡು, ದೋಣಿಯಲ್ಲಿ ಹುಷಾರು. ದೇವರು ನಿನ್ನನ್ನು ನೆಲದ ಮೇಲೂ ನೀರಿನ ಮೇಲೂ ಕಾಯಲಿ.

ನಿನ್ನ ಅಕ್ಕ,
ಇಸ್ಬೆಲ್

ತಾ.ಕ.: ಬಸ್ ನಿಲ್ದಾಣದಲ್ಲಿ ನಿಂತು ಗೀಚುತ್ತಿದ್ದೇನೆ. ಹೊರಡುವಾಗ ಅಪ್ಪನಿಗೆ ಹೇಳಿಯೇಬಿಟ್ಟೆ, “ಅವನು ಬರದಿದ್ರೆ ಒಂದನೇ ಹಗ್ಗ ನಾನೇ ಹಿಡಿಯೋದು. ಚಹಾ ಬೇಕಾದವರು ಕಾಯಿಸ್ಕೊಳ್ಲಿ” ಎಂದು. ಬೈಯುತ್ತಾನೆ ಎಂದುಕೊಂಡೆ. ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದ. “ಕೈಗವಸು ಹಾಕ್ಕೋ ಮಗಾ. ಹಗ್ಗ ಒದ್ದೆ ಇದ್ರೆ ಅಂಗೈ ಕೊಯ್ಯುತ್ತೆ” ಎಂದ. ಹಾಗಾಗಿ ಹಗ್ಗದ ಚಿಂತೆ ನಿನಗೆ ಬೇಡ, ಲಾಕೀ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಅದಕ್ಕೂ ಮುಂಚೆಯೇ ಬಾ, ಅಪ್ಪನಿಗೆ ನಿನ್ನನ್ನು ಬೈಯಲು ಇನ್ನೂ ಉಸಿರಿರುವಾಗಲೇ.