ಮಾವನ ಕೇಸು ಯಾವ ಜಿಲ್ಲೆಗೆ

೧೮ ನವೆಂಬರ್ ೨೦೨೫, ಮಂಗಳವಾರ

ಅಕ್ಕನ ಮಾತು ಇನ್ನೂ ಕಿವಿಯಲ್ಲಿದೆ.

ಮಾವ, ಅಂದರೆ ಅಕ್ಕನ ಗಂಡ, ಪುಣೆ ಜಿಲ್ಲೆಯ ರಾಂಜಣಗಾಂವದಿಂದ ಲಾರಿ ತೆಗೆದುಕೊಂಡು ಹೊರಟವರು. ದಾರಿಯಲ್ಲಿ ಹತ್ತಿಸಿಕೊಂಡವರೇ ಕೊಂದರು. ಶವ ಸೋಲಾಪುರ ಜಿಲ್ಲೆಯಲ್ಲಿ ಸಿಕ್ಕಿತು, ಕೇಸೂ ಅಲ್ಲೇ ದಾಖಲಾಯಿತು. ಜೀವ ಎಲ್ಲಿ ಹೋಯಿತೆಂದು ಡಾಕ್ಟರೂ ಹೇಳಲಾರರು.

ಪ್ರಯಾಣದಲ್ಲಿ ನಡೆದ ಅಪರಾಧವನ್ನು ದಾರಿಯ ಯಾವ ಜಿಲ್ಲೆಯಲ್ಲಾದರೂ ವಿಚಾರಿಸಬಹುದು, ಇಲ್ಲೇ ಪುಣೆಯಲ್ಲಿ ನಡೆಸಿ ಎಂದು ಕೇಳೋಣ ಎಂದರು ನಮ್ಮ ಸದಾಶಿವ ಪೇಠದ ವಕೀಲರು. ನನಗೂ ಅದೇ ಸರಿ ಅನ್ನಿಸಿತು.

ಅಕ್ಕ ಮಾತ್ರ, “ಸೋಲಾಪುರದಾಗ ಇರ್ಲಿ ಬಿಡೋ” ಎಂದಳು.

“ಪ್ರತಿ ತಾರೀಖಿಗೂ ಅಷ್ಟು ದೂರ ಹೋಗಬೇಕಲ್ಲ, ಅಕ್ಕಾ?”

“ಹೋಗ್ತೀನಿ. ಅವರು ಸತ್ತ ಜಾಗಾ ಯಾರಿಗೂ ಗೊತ್ತಿಲ್ಲ, ಹೂವು ಎಲ್ಲಿ ಇಡ್ಲಿ? ದಾರಿ ತುಂಬ ಕೈ ಮುಗಕೋತ ಹೋದ್ರ ಆ ಜಾಗಾನೂ ಅದರಾಗ ಬರ್ತದ.”

ವಕೀಲರು ಸೋಲಾಪುರದ ಮುಂದಿನ ತಾರೀಖು ಬರೆದುಕೊಟ್ಟರು. ನಾನು ಎರಡು ಬಸ್ ಟಿಕೆಟ್ ತೆಗೆಸಿದೆ.