ಲೇಸ್ ಕಟ್ಟುವವಳು

ಜೂನ್ 19, ಬೆಳಿಗ್ಗೆ 6

ಆಪರೇಷನ್ ಆಗಿ ಒಂಬತ್ತನೇ ದಿನ. ಬೆಡ್‌ಪ್ಯಾನ್, ಇಂಜೆಕ್ಷನ್, ಒಣ ಬ್ರೆಡ್ಡು. ಸೊಂಟದ ಕೀಲಿನಲ್ಲಿ ಮೂರು ಸ್ಕ್ರೂ. ಎಕ್ಸ್‌ರೇ ತೋರಿಸಿ ಡಾಕ್ಟರ್ ನಕ್ಕರು, ಗೋಡೆಗೆ ಕಪಾಟು ಕೂರಿಸಿದ ಹಾಗಿದೆಯಂತೆ. ಅವರ ಪೆನ್ನು ಕಿತ್ತುಕೊಂಡು ಅವರ ಕೈಗೇ ಚುಚ್ಚಬೇಕು ಅನ್ನಿಸಿತು. ನಾನೂ ನಕ್ಕೆ.

ಈ ಹೊತ್ತಿಗೆ ಮೈದಾನದಲ್ಲಿ ಓಟದ ಎಂಟನೇ ಸುತ್ತು ಮುಗಿಸಿರುತ್ತಿದ್ದೆ.

ತಂಗಿ ಬೆಂಚಿನ ಮೇಲೆ ಮುದುರಿ ಮಲಗಿದ್ದಾಳೆ, ಬಾಯಿ ತೆರೆದುಕೊಂಡು. ಆ ಬಾಯಿಗೆ ಹತ್ತಿ ತುರುಕೋಣ ಅನ್ನಿಸುತ್ತದೆ. ಕನ್ನಡಕದ ಅಂಗಡಿಗೆ ರಜೆ ಹಾಕಿ ಬಂದವಳು ನನ್ನ ಮಂಚ ಬಿಟ್ಟು ಕದಲಿಲ್ಲ. ಇರಲಿ. ಬೀಳಿಸಿದವಳೇ ಎತ್ತಲಿ.

ಜೂನ್ 30

ಮನೆ. ವಾಕರ್. ಎಡಗಾಲು ಆರು ವಾರ ನೆಲಕ್ಕೆ ಊರುವಂತಿಲ್ಲ. ಅಮ್ಮ ಬಂದಿದ್ದಳು. ನನ್ನ ಜೊತೆ ಮಾತ್ರ ಮಾತು. ನೀರು ಬೇಕಾದಾಗಲೂ ಗೋಡೆಗೆ ಹೇಳಿದಳು, ತಂಗಿ ತಂದಿಟ್ಟಳು. ಹೊರಡುವಾಗ ಮಾತ್ರ ಅವಳ ಕಡೆ ತಿರುಗಿದಳು.

"ಒಡಹುಟ್ಟಿದವಳನ್ನ ತಳ್ಳೋಕೆ ನಿನಗೆ ಕೈಯಾದ್ರೂ ಹೇಗೆ ಬಂತು?"

ತಂಗಿ ತಲೆ ತಗ್ಗಿಸಿದಳು. ನನಗೆ ಖುಷಿಯಾಯಿತು. ಇಲ್ಲಿ ಯಾರೂ ಓದುವುದಿಲ್ಲ, ಬರೆದಿಡುತ್ತೇನೆ — ಖುಷಿಯಾಯಿತು.

ಸಂಜೆ ಕ್ಲಬ್ ಸೆಕ್ರೆಟರಿಯ ಫೋನ್. ತಂಗಿಯ ಮೇಲೆ ನಾನು ಕೊಟ್ಟ ದೂರು ಒಪ್ಪಿದ್ದಾರೆ. ಒಂದು ವರ್ಷ ಅವಳು ಟ್ರ್ಯಾಕಿಗೆ ಕಾಲಿಡುವಂತಿಲ್ಲ. ಅವಳು ಕಾಯುತ್ತಿದ್ದ ಜನವರಿಯ ರೇಸೂ ಹೋಯಿತು.

ಜುಲೈ 8

ಸ್ನಾನದ ನೀರು ಬಿಸಿ. ತಂಗಿಗೆ ಹೊಡೆದೆ. ಸೋಪಿನ ಕೈಯಲ್ಲೇ, ಕೆನ್ನೆಗೆ. ಕನ್ನಡಕ ಬಚ್ಚಲ ಮೂಲೆಗೆ ಹಾರಿತು. ಎತ್ತಿ, ತೊಳೆದು, ಹಾಕಿಕೊಂಡು, ಬಕೆಟ್ಟಿಗೆ ತಣ್ಣೀರು ಬೆರೆಸಿದಳು.

ನಿಜ ಹೇಳಬೇಕೆಂದರೆ ನೀರು ಅಷ್ಟೇನೂ ಬಿಸಿಯಿರಲಿಲ್ಲ.

ಜುಲೈ 9, ಮಧ್ಯಾಹ್ನ

ತಲೆ ಬಾಚುತ್ತಾ ಕೇಳಿದಳು, "ಅಕ್ಕ, ನನ್ನ ಕೈ ನಿನಗೆ ಎಲ್ಲಿ ತಾಗ್ತು? ಭುಜಕ್ಕಾ, ಬೆನ್ನಿಗಾ? ಎಷ್ಟು ಯೋಚನೆ ಮಾಡಿದ್ರೂ ನೆನಪೇ ಬರ್ತಿಲ್ಲ."

ಬೆನ್ನಿಗೆ ಅಂದೆ.

ನೆನಪು ಬರುವುದಾದರೂ ಹೇಗೆ. ಕೈ ತಾಗಲೇ ಇಲ್ಲ.

ನಡೆದದ್ದು ಇಷ್ಟು. ತಿರುವಿನಲ್ಲಿ ಹಿಂದಿನಿಂದ "ಟ್ರ್ಯಾಕ್" ಅಂತ ಕೂಗಿದಳು. ವೇಗವಾಗಿ ಬರುವವರು ಹಾಗೆ ಕೂಗಿದರೆ ಮುಂದಿರುವವರು ಹೊರಕ್ಕೆ ಸರಿದು ಒಳಗಿನ ದಾರಿ ಬಿಡಬೇಕು. ಅದು ನಮ್ಮ ಮೈದಾನದ ಮರ್ಯಾದೆ. ಇಪ್ಪತ್ತು ವರ್ಷ ನನ್ನ ಬೆನ್ನು ನೋಡಿಕೊಂಡು ಓಡಿದವಳು ಮೊದಲ ಸಲ ನನಗೆ ಹಾಗೆ ಕೂಗಿದಳು. ಮೈಯೆಲ್ಲ ಉರಿದುಹೋಯಿತು. ಸರಿದೆ. ಅವಳು ಒಳಗೆ ನುಗ್ಗುತ್ತಿದ್ದಂತೆ ಮತ್ತೆ ಒಳಕ್ಕೆ ಬಂದೆ. ಬೇಕಂತಲೇ. ಬಿದ್ದು ಹಲ್ಲು ಮುರಿದುಕೊಳ್ಳಲಿ ಅಂತ. ಅವಳ ಮೊಣಕಾಲು ನನ್ನ ತೊಡೆಗೆ ಬಡಿಯಿತು, ಸಿಮೆಂಟಿನ ಅಂಚಿನ ಮೇಲೆ ಬಿದ್ದದ್ದು ನಾನು.

ಆಂಬ್ಯುಲೆನ್ಸಿನಲ್ಲಿ ಯಾರೋ ಕೇಳಿದರು. ತಳ್ಳಿದಳು ಅಂದೆ. ಅಷ್ಟೇ, ಅದೇ ನಿಂತುಬಿಟ್ಟಿತು. ಅವಳೂ ನಂಬಿದ್ದಾಳೆ.

ನಾಳೆ ಹೇಳುತ್ತೇನೆ.

ಆಗಸ್ಟ್ 21

ಹೇಳಲಿಲ್ಲ.

ಫಿಸಿಯೋಗೆ ಪೈಲ್ವಾನ್ ಅಂತ ಹೆಸರಿಟ್ಟಿದ್ದೇನೆ. ನನ್ನ ಮೊಣಕಾಲನ್ನು ಎದೆಗೆ ಒತ್ತುತ್ತಾರೆ, ಕಣ್ಣಲ್ಲಿ ನಕ್ಷತ್ರ. ಇವತ್ತು ಅವರ ಮುಂಗೈ ಕಚ್ಚಿದೆ. ಸುಮ್ಮನೆ ಅಲ್ಲ, ಗುರುತು ಬೀಳುವ ಹಾಗೆ. "ಹಲ್ಲಿಗೆ ನಾನೇನೂ ಎಕ್ಸರ್‌ಸೈಜ್ ಹೇಳಿರ್ಲಿಲ್ವಲ್ಲಮ್ಮ" ಅಂದರು. ಕ್ಷಮೆ ಕೇಳಿದ್ದು ತಂಗಿ. ನನ್ನ ಪರವಾಗಿ ಕ್ಷಮೆ ಕೇಳುವುದು ಅವಳಿಗೆ ಚಟವಾಗಿದೆ.

ಸೆಪ್ಟೆಂಬರ್ 14

ಬಗ್ಗಿದರೆ ಕೈಗೆ ಪಾದ ಸಿಕ್ಕಿತು.

ಅವಳು ಮೆಡಿಕಲ್ ಶಾಪಿಗೆ ಹೋಗಿದ್ದಾಗ ಶೂ ಹಾಕಿಕೊಂಡು, ಇಷ್ಟು ದಿನ ಅವಳು ಕಟ್ಟುತ್ತಿದ್ದ ಲೇಸ್ ನಾನೇ ಕಟ್ಟಿದೆ. ಕೂತು ಅತ್ತೆ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿತು. ಗಡಿಬಿಡಿಯಲ್ಲಿ ಬಿಚ್ಚಿದೆ. ಬಾಗಿಲು ತೆರೆದವಳ ಮುಂದೆ ಕಾಲು ಚಾಚಿದೆ.

ಮಂಡಿಯೂರಿ ಕಟ್ಟಿದಳು, ಎರಡು ಗಂಟು. ಬೈತಲೆಯಲ್ಲಿ ಎರಡು ಬಿಳಿ ಕೂದಲು. ಮೂವತ್ತೊಂದಕ್ಕೇ.

ಅಕ್ಟೋಬರ್ 3

ಗಾರ್ಮೆಂಟ್ಸಿಗೆ ವಾಪಸ್. ಅರ್ಧ ದಿನ, ಕಟಿಂಗ್ ಟೇಬಲಿನ ಮುಂದೆ ಸ್ಟೂಲ್ ಹಾಕಿಕೊಟ್ಟರು. ಅರವತ್ತು ಪದರ ಬಟ್ಟೆ, ಬ್ಲೇಡು ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ಸೂಪರ್‌ವೈಸರ್ ಬಂದು, ಅಂಥಾ ತಂಗಿ ಇರುವಾಗ ಬೇರೆ ಶತ್ರು ಯಾಕಮ್ಮ ಅಂತ ಹಲ್ಲು ಕಿಸಿದ. ಅವನ ಟೈ ಹಿಡಿದು ಬ್ಲೇಡಿನತ್ತ ಎಳೆದೆ. ಒಂದು ಗೇಣು ಉಳಿದಿತ್ತು, ಬಿಟ್ಟೆ. ಬೆವೆತುಹೋಗಿದ್ದ.

ಅವನು ತಪ್ಪೇನು ಹೇಳಿದ? ನಾನು ಹೇಳಿದ್ದನ್ನೇ ಹೇಳಿದ.

ಅಕ್ಟೋಬರ್ 20

ಕಾಲು ಚಾಚಿದೆ. ಕಟ್ಟಿದಳು.

ನವೆಂಬರ್ 6

ಪೈಲ್ವಾನ್ ಹೇಳಿದರು — ಸೋಮವಾರ ಎರಡು ನಿಮಿಷ ಜಾಗಿಂಗ್, ಅವರ ಕಣ್ಣೆದುರಿಗೆ. ಅದಕ್ಕೂ ಮುಂಚೆ ಒಂದು ಹೆಜ್ಜೆ ಓಡಿದರೂ ಜವಾಬ್ದಾರಿ ತಮ್ಮದಲ್ಲ. ತಂಗಿ ಅಲ್ಲೇ ಅತ್ತುಬಿಟ್ಟಳು. ಮನೆಗೆ ಬರುವ ದಾರಿಯಲ್ಲಿ ಅಂದಳು, "ನೀನು ಓಡೋದನ್ನ ಒಂದು ಸಲ ನೋಡಿಬಿಟ್ರೆ ನನಗೆ ಸಾಕು ಅಕ್ಕ. ನಾನಿನ್ನು ಓಡಲ್ಲ. ಶೂ ಯಾರಿಗೋ ಕೊಟ್ಟುಬಿಟ್ಟೆ."

ನನಗಿಂತ ಚೆನ್ನಾಗಿ ಓಡುತ್ತಿದ್ದವಳು.

ನವೆಂಬರ್ 8, ಬೆಳಿಗ್ಗೆ 7.40

ತುಟಿ ಒಡೆದಿದೆ. ಪುಟದ ಮೇಲೆ ರಕ್ತ ತೊಟ್ಟಿಕ್ಕಿತು, ಒರೆಸಿದೆ.

ಹಾಲು ತರಲು ಹೋದವಳು ಪರ್ಸ್ ಮರೆತು ವಾಪಸ್ ಬಂದಳು. ನಾನು ಬಗ್ಗಿ ಲೇಸ್ ಕಟ್ಟುತ್ತಿದ್ದೆ. ಶೂ ನೋಡಿದಳು, ನನ್ನ ಮುಖ ನೋಡಿದಳು.

"ಯಾವಾಗಿಂದ?"

ಸೆಪ್ಟೆಂಬರಿನಿಂದ ಅಂದೆ. ಆಮೇಲೆ ಬಾಯಿ ನಿಲ್ಲಲಿಲ್ಲ. ತಿರುವು, ಕೂಗು, ಸರಿದದ್ದು, ಮತ್ತೆ ಒಳಕ್ಕೆ ಬಂದದ್ದು, ಎಲ್ಲ ಹೇಳಿದೆ.

ಮೊದಲ ಏಟು ಪರ್ಸಿನಿಂದ. ಆಮೇಲೆ ಕೈ. ಆಮೇಲೆ ನನ್ನ ಶೂ ಕಿತ್ತು ಅದರಿಂದಲೇ. ತಲೆ, ಭುಜ, ಬಾಯಿ. ಎಡ ಸೊಂಟ ಮಾತ್ರ ಮುಟ್ಟಲಿಲ್ಲ. ಅಷ್ಟು ಸಿಟ್ಟಿನಲ್ಲೂ ಬಲಗಡೆಗೇ ಬಂದು ಹೊಡೆದಳು. ನಾನು ಕೈ ಅಡ್ಡ ಹಿಡಿಯಲಿಲ್ಲ.

"ಐದು ತಿಂಗಳು ನಿನ್ನ ಹೇಲು ಉಚ್ಚೆ ಬಳಿದೆ" ಅಂದಳು. "ಅಮ್ಮ ನನ್ನ ಮುಖ ನೋಡಲ್ಲ. ರಾತ್ರಿಯೆಲ್ಲ ನನ್ನ ಕೈ ನಾನೇ ನೋಡ್ಕೊಂಡು ಕೂರ್ತಿದ್ದೆ, ಇದೇ ಕೈಯಾ ಅಂತ."

ಈಗ ಒಳಗೆ ಬಟ್ಟೆ ತುಂಬುತ್ತಿದ್ದಾಳೆ. ಬರೆಯುತ್ತಾ ಕೂತಿದ್ದೇನೆ, ಬೇರೇನು ಮಾಡಲೂ ತೋಚುತ್ತಿಲ್ಲ.

7.55

ಸೆಕ್ರೆಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮನಿಗೂ. ಒಳಗಿದ್ದ ತಂಗಿಗೆ ಕೇಳಲಿ ಅಂತ ಜೋರಾಗಿ. ಅಮ್ಮ ಫೋನ್ ಇಟ್ಟುಬಿಟ್ಟಳು. ಒಳಗೆ ಬ್ಯಾಗಿನ ಜಿಪ್ ಎಳೆದ ಸದ್ದು. ನನ್ನ ಮುಂದೆಯೇ ಹಾದುಹೋದಳು, ತಿರುಗಿ ನೋಡಲಿಲ್ಲ.

ಕಿಟಕಿಯಿಂದ ಕಾಣುತ್ತಿದ್ದಾಳೆ. ಬೀದಿಯ ತುದಿಯಲ್ಲಿ ಬಸ್ ಸ್ಟಾಪ್. ಎಂಟಕ್ಕೆ ಬಸ್ಸು. ನಡೆದು ಹೋದರೆ ಸಿಗುವುದಿಲ್ಲ. ಓಡಬಾರದು ಅಂದಿದ್ದಾರೆ. ಸ್ಕ್ರೂ ಕಿತ್ತುಬಂದರೆ ಮತ್ತೆ ಮೊದಲಿನಿಂದ... ಬಂದರೆ ಬರಲಿ, ಇವಳು ಹೋದರೆ —