ಬೇಡವಾದದ್ದನ್ನು ಹೊಡೆದುಹಾಕಿರಿ

ಧಾರವಾಡ,
ಆದಿತ್ಯವಾರ, ೨೦ ಜುಲೈ ೧೯೪೧

ಚಿ. ನಿರುಪಮಾಳಿಗೆ ಅನೇಕ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಛತ್ರಿಯದಷ್ಟೇ ಚಿಂತೆ, ಈ ಜಿಟಿಜಿಟಿ ಮಳೆಯಲ್ಲಿ ಮೂರನೆಯ ಕಡ್ಡಿ ಮುರಿದುಕೊಂಡು ಕೂತಿದೆ. ಹೊಸದು ತನ್ನಿರೆಂದು ನಿನ್ನ ಅವ್ವನ ಆಗ್ರಹ. ಆ ಛತ್ರಿಯನ್ನು ನಾನೇಕೆ ಬಿಡುವುದಿಲ್ಲವೆಂಬುದು ನಿನಗೆ ಗೊತ್ತು.

ತಡವಾದದ್ದಕ್ಕೆ ಕ್ಷಮಿಸು. ನೀನು ಪುಣೆಯಿಂದ ಕಳಿಸಿದ ವಸತಿಗೃಹದ ಅರ್ಜಿ ನನ್ನ ಕೈಸೇರಿ ಹನ್ನೆರಡು ದಿನವಾಯಿತು. ‘ಕಾಕಾ, ಒಂದು ಸಹಿ ಅಷ್ಟ. ಮರುಟಪ್ಪಾಲಿಗೆ ಕಳಸ್ರಿ’ ಎಂದು ಬರೆದಿದ್ದೆ. ಹುಡುಗರ ನಿಬಂಧಗಳನ್ನು ತಿಂಗಳುಗಟ್ಟಲೆ ಹಾಸಿಕೊಂಡು ಮಲಗುವ ಕಾಲೇಜು ಮಾಸ್ತರನಿಗೆ ಹನ್ನೆರಡು ದಿನ ಯಾವ ಲೆಕ್ಕ ಎಂದು ನೀನು ನಗಬಹುದು. ಆದರೆ ಈ ಸಲ ಆಲಸ್ಯ ನಿರಪರಾಧಿ. ಅರ್ಜಿಯ ತುದಿಗೆ ಅಚ್ಚಾದ ಸಾಲು ಇತ್ತಲ್ಲ, ‘ತಂದೆ / ಪಾಲಕರ ಸಹಿ. ಬೇಡವಾದದ್ದನ್ನು ಹೊಡೆದುಹಾಕಿರಿ’ ಎಂದು? ಸಹಿ ಮಾಡಲು ಅಡ್ಡಿಯಿರಲಿಲ್ಲ. ಹೊಡೆದುಹಾಕಲು ಕೈ ಬರಲಿಲ್ಲ.

ಇಂಥ ಸಾಲು ಬಂದಾಗಲೆಲ್ಲ ನಾನು ‘ತಂದೆ’ಯನ್ನು ಹೊಡೆದೇ ಬಂದವನು. ಪ್ರಾಥಮಿಕ ಸಾಲೆಯಲ್ಲಿ ಹೊಡೆದೆ, ಮೆಟ್ರಿಕ್ಕಿಗೆ ಹೊಡೆದೆ, ಕಾಲೇಜಿಗೆ ಹೊಡೆದೆ. ಮೊದಲ ಸಲ ನೀನು ನನ್ನ ಹೆಗಲ ಮೇಲಿಂದ ಇಣಿಕಿ, “ಪಾಲಕ ಅಂದ್ರ ಸಂತ್ಯಾಗಿನ ಪಾಲಕ ಪಲ್ಲೆ ಏನ್ರಿ ಕಾಕಾ?” ಎಂದು ಕೇಳಿದ್ದೆ. “ಹೌದವ್ವಾ, ದಿನಾ ನೀರು ಹಾಕಿದ್ರ ಚಿಗಿತದ” ಎಂದು ಜಾರಿಕೊಂಡಿದ್ದೆ. ಅಂಥ ಜಾಣ ಉತ್ತರಗಳಿಂದಲೇ ನನ್ನ ಹೊಟ್ಟೆ ತುಂಬಿದೆ.

ನಿನಗೆ ಗೊತ್ತಿದ್ದ ಕಥೆಯೇ. ಆದರೂ ಐವತ್ತು ದಾಟಿದವರು ಹೇಳಿದ್ದನ್ನೇ ಹೇಳಲು ಹಕ್ಕುಳ್ಳವರು. ಇಪ್ಪತ್ತೆರಡನೆಯ ಇಸವಿಯಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಸೇವೆಗೆಂದು ಊರ ಹೊರಗಿನ ಶೆಡ್ಡುಗಳಿಗೆ ಹೋಗಿದ್ದೆ. ಅಲ್ಲಿ ನಿನ್ನ ಹೆತ್ತವರಿಬ್ಬರೂ ತೀರಿಹೋಗಿದ್ದರು. ನೀನು ಈ ಛತ್ರಿಯ ಹಿಡಿಕೆಯನ್ನು ಹಿಡಿದೆ, ಬಿಡಲಿಲ್ಲ. ಬಿಡಿಸಿಕೊಳ್ಳಲು ನನಗೂ ಮನಸ್ಸಾಗಲಿಲ್ಲ. ದತ್ತಕ ತೆಗೆದುಕೊಳ್ಳೋಣವೆಂದರೆ ನಮ್ಮ ಕಾಯಿದೆಯ ಪ್ರಕಾರ ಅದು ಗಂಡುಮಗುವೇ ಆಗಬೇಕು. ಅದನ್ನೂ ಹೆತ್ತವರೇ ಕೈಯಾರೆ ಕೊಡಬೇಕು. ನೀನು ಹೆಣ್ಣು. ಕೊಡುವ ಕೈಗಳು ಇರಲಿಲ್ಲ. ‘ಕಾಯಿದೆ’ ಎಂದರೆ ಕಾಯಿ ಇದೆ, ಇನ್ನೂ ಹಣ್ಣಾಗಿಲ್ಲ ಎಂದೇ ಅರ್ಥ ಎಂದು ನಾನು ಆಗಿನಿಂದ ಹೇಳುತ್ತಿದ್ದೇನೆ. ಅದನ್ನು ತಿದ್ದಲು ಈಗ ದಿಲ್ಲಿಯಲ್ಲಿ ಪಂಡಿತರ ಸಮಿತಿಯೊಂದು ಕೂತಿದೆಯಂತೆ. ಕೂತವರು ಏಳುವಷ್ಟರಲ್ಲಿ ನಿನಗೆ ಮೊಮ್ಮಕ್ಕಳಾಗಬಾರದಷ್ಟೆ.

ಕೊನೆಗೆ ಜಿಲ್ಲಾ ಕೋರ್ಟು ನನ್ನನ್ನು ಪಾಲಕನೆಂದು ನೇಮಿಸಿತು. ಅಪ್ಪಣೆ ಸಿಕ್ಕಿತು, ಅಪ್ಪನ ಪದವಿ ಸಿಗಲಿಲ್ಲ. ನಿನ್ನ ಅವ್ವನ ಹೆಸರು ಆ ಆದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಅದಕ್ಕೇ ಮಂದಾಕಿನಿಬಾಯಿಯವರು ಯಾರನ್ನೂ ಕೇಳದೆ ಅಂದೇ ಸಂಜೆ ಅವ್ವನಾಗಿಬಿಟ್ಟರು! ನಿನ್ನ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲವಾಗಿ, ಆದೇಶದ ದಿನವಾದ ಜುಲೈ ಹದಿನಾಲ್ಕಕ್ಕೆ ನಿನಗೆ ಎರಡು ತುಂಬಿತೆಂದು ಜಡ್ಜ ಸಾಹೇಬರು ಬರೆಸಿದರು. ಪ್ರತಿ ವರ್ಷ ಅದೇ ದಿನ ಹುಡುಗಿಯನ್ನು ಕೋರ್ಟಿಗೆ ತಂದು ತೋರಿಸಬೇಕೆಂದು ಕರಾರು ಹಾಕಿದರು. ಊರಲ್ಲೆಲ್ಲ ಮಕ್ಕಳ ಹುಟ್ಟುಹಬ್ಬಕ್ಕೆ ಆರತಿ. ನಮ್ಮ ಮನೆಯಲ್ಲಿ ಹೊಸ ಲಂಗ, ಟಾಂಗಾ, ಕೋರ್ಟು, ಅಲ್ಲಿಂದ ಬುತ್ತಿಯೊಡನೆ ಕೆಲಗೇರಿ ಕೆರೆ. ಬೇರೆ ಮಕ್ಕಳಿಗೆ ಕೋರ್ಟಿನ ಹಬ್ಬ ಯಾಕಿಲ್ಲ ಎಂದು ನೀನು ಮರುಗುತ್ತಿದ್ದೆ.

ಈ ಸೋಮವಾರ, ಹದಿನಾಲ್ಕಕ್ಕೆ, ಏನಾಯಿತು ಕೇಳು. ಬೆಳಿಗ್ಗೆ ಎದ್ದವನೇ ಕರಿ ಕೋಟು ಹಾಕಿ ರುಮಾಲು ಸುತ್ತಿದೆ. ಅಡಿಗೆ ಮನೆಯಲ್ಲಿ ನಿನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರೂ ಟಾಂಗಾ ಹತ್ತಿದೆವು. ಬರಬೇಕಾದವಳು ಪುಣೆಯಲ್ಲಿದ್ದಾಳೆಂದು ಇಬ್ಬರಿಗೂ ಹೊಳೆಯಲೇ ಇಲ್ಲ ಎನ್ನಲೇ, ಹೊಳೆದರೂ ಯಾರೂ ಬಾಯಿ ಬಿಡಲಿಲ್ಲ ಎನ್ನಲೇ?

ಕೋರ್ಟಿನಲ್ಲಿ ಕಾರಕೂನ ಬಾಬುಸಾಬ ಎದ್ದು ನಿಂತು ನಕ್ಕ. “ಏನ್ರಿ ರಾಯರ, ಯಾಕ ಬಂದ್ರಿ? ಹುಡುಗಿಗೆ ಇವತ್ತಿಗೆ ಇಪ್ಪತ್ತೊಂದು ತುಂಬ್ತು. ಇನ್ನ ಅಕೀನೂ ಬರೂದು ಬ್ಯಾಡ, ನೀವೂ ಬರೂದು ಬ್ಯಾಡ. ಪಾಲಕಗಿರಿ ಮುಗೀತ್ರಿ. ನಿಮಗ ಬಿಡುಗಡಿ ಆತು!”

ಎಲ್ಲರೂ ಹದಿನೆಂಟಕ್ಕೆ ದೊಡ್ಡವರಾದರೆ, ಕೋರ್ಟು ಪಾಲಕನನ್ನು ಕೊಟ್ಟ ಮಕ್ಕಳು ಇಪ್ಪತ್ತೊಂದಕ್ಕೆ ಆಗುತ್ತಾರೆ. ಆ ಮೂರು ವರ್ಷ ನನಗೆ ಕೊಸರು ಸಿಕ್ಕಿದ್ದವು. ಅವೂ ಮುಗಿದವು. ಕಾಯಿದೆಯ ಪ್ರಕಾರ ಸೋಮವಾರದಿಂದ ನಾನು ನಿನಗೆ ಏನೂ ಅಲ್ಲ. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಬಾಬುಸಾಬ ಓಡಿಹೋಗಿ ನೀರು ತಂದ. “ಛಲೋ ಸುದ್ದಿ ಹೇಳೇನಿ, ನೀವು ಹಿಂಗ್ಯಾಕ ಮಾಡಾಕತ್ತೀರಿ?” ಎಂದ. ಪಾಪ, ಅವನಿಗೂ ಕಣ್ಣು ತುಂಬಿತ್ತು. ನಿನ್ನ ಹಾಲುಹಲ್ಲು ಬಿದ್ದದ್ದನ್ನು ನೋಡಿದವನಲ್ಲವೇ?

ಬುತ್ತಿ ಇತ್ತಲ್ಲ, ಕೆಲಗೇರಿಗೆ ಹೋದೆವು. ಬಿಚ್ಚಿ ನೋಡಿದರೆ ಮೂವರಿಗಾಗುವಷ್ಟು ರೊಟ್ಟಿ, ಬದನೆಕಾಯಿ. ದಂಡೆಯ ಮೇಲೆ ಮುರುಕು ಛತ್ರಿಯ ಕೆಳಗೆ ಕೂತು ನಿನ್ನ ಅರ್ಜಿಯ ಸಂಕಟವನ್ನು ಹೇಳಿದೆ.

“ಅಲ್ರೀ, ಪಾಲಕ ಅನ್ನೂದನ್ನ ಕೋರ್ಟಿನವ್ರ ಇವತ್ತ ಹೊಡದ್ಹಾಕಿದ್ರು. ಇನ್ನ ಉಳಿದದ್ದು ಏನದ ನೋಡ್ರಿ” ಎಂದಳು.

“ಕಾಯಿದಾ ಹಂಗನ್ನೂದಿಲ್ಲ.”

“ನಾ ಕಾಯಿದಾಕ್ಕ ಕೇಳಲಿಲ್ಲ. ನಿಮಗ ಕೇಳಿದೆ.”

ನಲವತ್ತು ಹುಡುಗರ ವರ್ಗವನ್ನು ನಗಿಸುವ ನಾನು ನಿನ್ನ ಪಾಲಿನ ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲಿ ಕಟ್ಟತೊಡಗಿದೆ.

ಇದರ ಜೊತೆಗೆ ಅರ್ಜಿ ಇಟ್ಟಿದ್ದೇನೆ. ‘ಪಾಲಕ’ವನ್ನು ಹೊಡೆದಿದ್ದೇನೆ. ಗೆರೆ ಸೊಟ್ಟಗಿದೆ, ಆ ಬದಿಗೆ ಕೈ ರೂಢಿಯಿಲ್ಲ. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಸಂಕೋಚಪಡದೆ ಹರಿದುಹಾಕು. ಇಪ್ಪತ್ತೊಂದಾದವಳು ನೀನು, ಈಗ ನಿನ್ನ ಅಪ್ಪಣೆಯೇ ನಡೆಯಬೇಕು.

ಪಂಚಮಿ ಇನ್ನೊಂದು ವಾರ. ಅವ್ವ ಶೇಂಗಾ ಹುರಿದಿಟ್ಟಿದ್ದಾಳೆ. ನೀನು ಬರದೆ ಉಂಡಿ ಕಟ್ಟುವುದಿಲ್ಲವಂತೆ. ತವರು ಎಂಬ ಶಬ್ದವನ್ನು ಕಾಯಿದೆ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಕಾಯಿದೆ ಕೊಡದೇ ಇದ್ದದ್ದನ್ನು ಕಾಯಿದೆ ಕಸಿಯಲಾರದು. ರಜೆ ಕೇಳಿ ಬಾ. ಮೈ ಕಡೆ ಲಕ್ಷ್ಯವಿರಲಿ. ನೂರ್ಕಾಲ ನಗುನಗುತ್ತ ಬಾಳು.

ನಿನ್ನ ಕಾಕಾ,
ತ್ರ್ಯಂಬಕ

ತಾ. ಕ.: ಲಕೋಟೆ ಅಂಟಿಸಿದ್ದೆ. ನಿನ್ನ ಅವ್ವ ಬಿಚ್ಚಿಸಿದಳು. “ಖರೇ ಮಾತು ಬರೀಲಿಲ್ಲಲ್ರೀ” ಎಂದಳು. ಹಾಗಾದರೆ ಬರೆಯುತ್ತೇನೆ.

ನಿನಗೆ ಐದು ತುಂಬಿದ ದಿನ ಕೋರ್ಟಿನಲ್ಲಿ ಹೆಸರು ಕೂಗಿದಾಗ ನೀನು ಗಾಬರಿಯಾಗಿ ನನ್ನ ಕೋಟು ಹಿಡಿದು “ಅಪ್ಪಾ” ಎಂದೆ. ಮೊದಲ ಸಲ. ಆಗಷ್ಟೇ ಮುಂಬಯಿ ಸರಕಾರ ಮಕ್ಕಳ ಕಾಯಿದೆ ಮಾಡಿತ್ತು. ದಿಕ್ಕಿಲ್ಲದ ಮಕ್ಕಳನ್ನು ಸಂಸ್ಥೆಗಳಿಗೆ ಒಪ್ಪಿಸುವ ಮಾತು ಅದರಲ್ಲಿತ್ತು. ಧಾರವಾಡಕ್ಕೆ ಆ ಕಾಯಿದೆ ಬಂದಿರಲಿಲ್ಲ, ನನ್ನ ಹೆದರಿಕೆ ಮಾತ್ರ ಬಂದಿತ್ತು. ಇಲ್ಲದ ಹಕ್ಕು ಹೇಳುತ್ತಾನೆಂದು ಸಾಹೇಬರು ನಿನ್ನನ್ನು ಕಿತ್ತುಕೊಂಡರೆ? ಬಗ್ಗಿ ನಿನ್ನ ಕಿವಿಯಲ್ಲಿ, “ಹಂಗ ಅನಬಾರ್ದು. ಕಾಕಾ ಅನಬೇಕು” ಎಂದೆ.

ನೀನು ಒಮ್ಮೆ ತಿದ್ದಿದರೆ ಮತ್ತೆ ತಪ್ಪುವವಳಲ್ಲ. ಹದಿನಾರು ವರ್ಷ ತಪ್ಪಲಿಲ್ಲ. ಜ್ವರದಲ್ಲಿ ಬಡಬಡಿಸಿದಾಗಲೂ ಕಾಕಾ ಎಂದೇ ಕರೆದೆ. ಈ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಹೆತ್ತ ತಂದೆಗೇ ಕಾಕಾ ಎನ್ನುತ್ತಾರೆಂದು ನಾನು ಸಮಾಧಾನ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ಪಂಚಮಿಗೆ ಬಂದಾಗ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದನ್ನೇ ಕರೆ. ಈ ಸಲ ನಾನು ತಿದ್ದುವುದಿಲ್ಲ.